ಹೊಟ್ಟೆಗೆ ಹಾಕ್ಕೊಳ್ಳಿ ದೊಡ್ಡಪ್ಪ

ಮೇ 19

ಹಿಟ್ಟು ತೆಳುವಾಗಿ ಕರಿದ ಬಾಳೆಹಣ್ಣೆಲ್ಲ ಎಣ್ಣೆ ಕುಡಿಯಿತು. ಆದರೂ ಎಲ್ಲ ಮಾರಿ ಖಾಲಿ. ಮಧ್ಯಾಹ್ನ ಅಂಗಡಿ ಮುಚ್ಚಿ ಬೌದ್ಧ ವಿಹಾರಕ್ಕೆ ಹೋದೆ, ಕಾಸೆಮ್ ದೊಡ್ಡಪ್ಪನನ್ನು ಕೊನೆಯ ಸಲ ನೋಡಲು. ನನ್ನ ತಮ್ಮ ಥವಿನ್ ದೊಡ್ಡಪ್ಪನ ಡುರಿಯನ್ ಹಣ್ಣಿನ ತೋಟದಲ್ಲಿ ಮರ ಹತ್ತುವವನು. ದೊಡ್ಡಪ್ಪ ಮರದ ಬುಡದಲ್ಲಿ ತಲೆ ಒಡೆದು ಬಿದ್ದಿದ್ದರಂತೆ. ಜಾರಿದರೋ, ಮುಳ್ಳು ಹಣ್ಣೇ ತಲೆ ಮೇಲೆ ಬಿತ್ತೋ... ಕಂಡವರಿಲ್ಲ.

ಸಾಲಾಗಿ ಹೋಗಿ ಅವರ ಅಂಗೈಗೆ ನೀರು ಬಿಟ್ಟೆವು. ಸತ್ತವರಿಗೆ ನೀರು ಬಿಡುವಾಗ ಎಲ್ಲರೂ ಹೇಳುವ ಯಾವಾಗಿನ ಮಾತೇ — ನಾನೇನೇ ಮಾಡಿದ್ದರೂ ಹೊಟ್ಟೆಗೆ ಹಾಕ್ಕೊಳ್ಳಿ ದೊಡ್ಡಪ್ಪ. ಥವಿನ್ ಬಿಕ್ಕುತ್ತಾ ಜೋರಾಗಿಯೇ ಅಂದ. ಕತ್ತೆ. ಅಳುವುದೂ ಜೋರು, ನಗುವುದೂ ಜೋರು.

ಮೇ 22

ಥವಿನ್‌ನನ್ನು ಪೊಲೀಸರು ಕರೆದೊಯ್ದರು. ಎಳೆಕಾಯಿ ಕೊಯ್ಯುವ ವಿಷಯಕ್ಕೆ ದೊಡ್ಡಪ್ಪನ ಜೊತೆ ಜಗಳವಾಡಿದ್ದು ಊರಿಗೆಲ್ಲ ಗೊತ್ತು. ಅದರ ಮೇಲೆ ಅವರ ಅಳಿಯ, ಬ್ಯಾಂಕಾಕಿನ ವಿಥೂನ್, ಹೇಳಿಕೆ ಕೊಟ್ಟಿದ್ದಾನೆ — ಥವಿನ್ ಹೆಣದ ಮುಂದೆ ತಪ್ಪೊಪ್ಪಿಕೊಂಡ, ಕಿವಿಯಾರೆ ಕೇಳಿದೆ ಅಂತ.

ಆ ವಿಥೂನ್ ಕೂಡ ನೀರು ಬಿಟ್ಟನಲ್ಲ! ಅವನ ಬಾಯಿಗೇನು ಹೊಲಿಗೆ ಹಾಕಿತ್ತೆ? ಅದೇ ಮಾತನ್ನೇ ಅಂದ, ನನ್ನ ಮುಂದೆಯೇ ನಿಂತು.

ಅಮ್ಮ ಅನ್ನ ಮುಟ್ಟಿಲ್ಲ. "ವಕೀಲರು ಬಂದು ಒಂದು ಮಾತು ಕೇಳಿದ್ರೆ ಮುಗೀತು, ಬಿಡಮ್ಮ" ಅಂದೆ. ನಂಬಿಯೇ ಅಂದೆ.

ಅಕ್ಟೋಬರ್ 8

ಕೋರ್ಟು. ಸರ್ಕಾರ ಕೊಟ್ಟ ವಕೀಲರು ಇವತ್ತೇ ಮೊದಲು ಸಿಕ್ಕಿದ್ದು, ಮೆಟ್ಟಿಲ ಮೇಲೆ. ಕೈಯಲ್ಲಿ ಐಸ್ ಕಾಫಿ.

"ಸಾರ್, ಒಂದೇ ಪ್ರಶ್ನೆ. ನೀರು ಬಿಡುವಾಗ ನೀನೇನಂದೆ ಅಂತ ವಿಥೂನ್‌ನ ಕೇಳಿ."

"ನೋಡೋಣಮ್ಮ. ಒಪ್ಕೊಂಡ್ರೆ ಶಿಕ್ಷೆ ಅರ್ಧ ಆಗತ್ತೆ, ನಿಮ್ಮ ತಮ್ಮ ತಾವೋನ್‌ಗೆ ಹೇಳಿ."

"ಥವಿನ್, ಸಾರ್. ಮಾಡದೇ ಇದ್ದದ್ದನ್ನ ಹೇಗೆ ಒಪ್ಕೊಳ್ತಾನೆ?"

ವಿಥೂನ್ ಸಾಕ್ಷಿ ಹೇಳಿದ. ಪ್ರಶ್ನೆಗಳಿವೆಯೇ ಎಂದು ನ್ಯಾಯಾಧೀಶರು ಕೇಳಿದರು. "ಇಲ್ಲ ಮಹಾಸ್ವಾಮಿ" ಅಂದರು ನಮ್ಮ ವಕೀಲರು. ಎದ್ದು ನಿಂತೆ. ಕಾಲು ತಾನೇ ಎದ್ದಿತು. "ಅವನೂ ಅದನ್ನೇ ಅಂದ! ನಾನೂ ಅಂದೆ!"

"ಕೂತ್ಕೊಳ್ಳಮ್ಮ" ಅಂದರು ನ್ಯಾಯಾಧೀಶರು, ಸಿಟ್ಟಿಲ್ಲದೆ. "ಅದನ್ನ ಕೇಳಬೇಕಾದವರು ವಕೀಲರು."

ಅವರ ಮನೆಯಲ್ಲೂ ಯಾರೋ ಸತ್ತಿರುತ್ತಾರಲ್ಲ. ಆ ಮಾತು ಗೊತ್ತಿರುತ್ತದಲ್ಲ! ವಕೀಲರು ಮುಂದಿನ ಕೇಸಿನ ಫೈಲು ಬಿಚ್ಚುತ್ತಿದ್ದರು. ಹೊರಗೆ ಕರೆದೊಯ್ಯುವಾಗ ಥವಿನ್ ಆ ವಕೀಲರಿಗೆ ಕೈ ಮುಗಿದ.

ಡಿಸೆಂಬರ್ 3

ಇಪ್ಪತ್ತು ವರ್ಷ. ಬರೆಯಲಾರೆ.

ಫೆಬ್ರವರಿ 11

ಮೇಲ್ಮನವಿಗೆ ಹೊಸ ವಕೀಲೆ, ನಾರಿಸಾ. ಮನೆಗೇ ಬಂದಳು. ಚಾಪೆ ಮೇಲೆ ಕೂತು, ಕರಿದ ಬಾಳೆಹಣ್ಣು ತಿಂದು, ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಹೀಗೆ ಕೂತು ಕೇಳಿದವರು ಇವಳೊಬ್ಬಳೇ.

"ಆ ಪ್ರಶ್ನೆ ಅವತ್ತೇ ಕೇಳಿದ್ರೆ ಕೇಸೇ ನಿಲ್ತಿರ್ಲಿಲ್ಲ. ಮೇಲಿನ ಕೋರ್ಟಿನವರು ನೋಡೋದು ಕೆಳಗಿನ ಕೋರ್ಟಲ್ಲಿ ಬರೆದಿದ್ದನ್ನ. ಕೇಳದೇ ಇದ್ದದ್ದು ಅದ್ರಲ್ಲಿಲ್ಲ. ಬಿಡಲ್ಲ, ಹೋರಾಡ್ತೀನಿ... ಆದ್ರೆ ಮಾತು ಕೊಡಲ್ಲಮ್ಮ."

ಅಮ್ಮ ಅಂದಳು, "ಕೊಲೆಗಾರರಿಗೆಲ್ಲ ವಕೀಲರು ಯಾತಕ್ಕೆ ಅಂತ ಟೀವಿ ನೋಡ್ಕೊಂಡು ನಾನೇ ಬೈತಿದ್ದೆ ಕಣವ್ವ." ಆಮೇಲೆ, "ಹೊಸ ವರ್ಷದ ಸೊಂಕ್ರಾನ್ ಹಬ್ಬಕ್ಕಾದ್ರೂ ಥವಿನ್ ಬಂದು, ಎಲ್ರ ಮಕ್ಕಳ ಹಾಗೆ ನನ್ನ ಕೈಗೆ ನೀರು ಬಿಡ್ತಾನಾ?"

ನಾರಿಸಾ ಲೋಟ ಕೆಳಗಿಟ್ಟಳು.

ಏಪ್ರಿಲ್ 10

ಹಬ್ಬದವರೆಗೂ ಅಮ್ಮ ಉಳಿಯಲಿಲ್ಲ.

ನಾರಿಸಾ ಓಡಾಡಿ ಥವಿನ್‌ಗೆ ಒಂದು ಗಂಟೆ ಅನುಮತಿ ತಂದಳು. ಕಾಲಿಗೆ ಸರಪಳಿ, ಪಕ್ಕದಲ್ಲಿ ಗಾರ್ಡು. ನೀರಿನ ಬಟ್ಟಲು ಕೊಟ್ಟೆ. ಅರ್ಧ ನೀರು ಅಮ್ಮನ ಅಂಗೈಗೆ ಬಿತ್ತು, ಅರ್ಧ ಚಾಪೆಗೆ ಹೋಯಿತು. ತುಟಿ ಬಿಗಿದುಕೊಂಡೇ ನಿಂತಿದ್ದ.

"ಹೇಳೋ. ಅಮ್ಮ ಕಾಯ್ತಿದ್ದಾಳೆ."

ಗಾರ್ಡಿನ ಕಡೆ ನೋಡಿದ. ತಲೆ ಅಲ್ಲಾಡಿಸಿದ. ವಯಸ್ಸಾದ ಗಾರ್ಡು, ಒಳ್ಳೆಯವರು, ಅರ್ಥವಾಗಿ ಕಂಬದಾಚೆ ಹೋಗಿ ಬೆನ್ನು ತಿರುಗಿಸಿ ನಿಂತರು. ಆದರೂ ಥವಿನ್ ಬಾಯಿ ಬಿಡಲಿಲ್ಲ. ಅಳುವಾಗಲೂ ಸದ್ದಿಲ್ಲ ಈಗ ಅವನಿಗೆ.

ಬಟ್ಟಲು ತೆಗೆದುಕೊಂಡೆ. ಇಬ್ಬರದೂ ನಾನೇ ಹೇಳಿಬಿಡುತ್ತೇನೆ ಅಂದುಕೊಂಡೆ. ಅಮ್ಮಾ, ನಾವೇನೇ ಮಾಡಿದ್ದರೂ... ಅಷ್ಟರಲ್ಲಿ ಅವನ ಕೈ ಬಂದು ನನ್ನ ಬಾಯಿ ಮುಚ್ಚಿತು. "ಬೇಡ ಅಕ್ಕ, ನಿನ್ನನ್ನೂ ಹಿಡ್ಕೊಂಡು ಹೋಗ್ತಾರೆ."