ಇಲ್ಲದ ದೇಶದ ಕೊನೆಯ ಮ್ಯಾಚ್

ಪೊರಿರುವಾ, 22-6-2006

ಮಾವ, ಫುಟ್‌ಬಾಲ್ ಹುಚ್ಚಿನ ನಿಮಗೇ ಇದನ್ನು ಮೊದಲು ಹೇಳಬೇಕೆನಿಸಿತು. ಪಕ್ಕದ ಮನೆಯ ಮಿಲೋಶ್ ಅಂಕಲ್ ಸರ್ಬಿಯಾದವರು, ಅವರ ಹೆಂಡತಿ ವೆಸ್ನಾ ಆಂಟಿ ಮಾಂಟೆನೆಗ್ರೊದವರು. ಈ ತಿಂಗಳು ಅವರ ದೇಶ ಎರಡಾಯಿತು. ವಿಶ್ವಕಪ್‌ನಲ್ಲಿ ಟೀಮು ಮಾತ್ರ ಹಳೆಯ ಹೆಸರಿನಲ್ಲೇ ಆಡುತ್ತಿತ್ತು. ಇವತ್ತು ಬೆಳಿಗ್ಗೆ ಅದರ ಕೊನೆಯ ಮ್ಯಾಚನ್ನು ಅವರ ಮನೆಯಲ್ಲೇ ನೋಡಿದೆ. ಎರಡು ಗೋಲು ಮುಂದಿದ್ದೂ ಸೋತರು. “ಇನ್ಮೇಲೆ ಇವ್ರ ಟೀಮೇ ಬೇರೆ, ನಮ್ಮ ಟೀಮೇ ಬೇರೆ” ಎಂದು ಆಂಟಿ ಟೀವಿ ಆರಿಸಿದರು. ಸಾವಿನ ಮನೆಯಿಂದ ಹೊರಟ ಹಾಗೆ, “ಬರ್ತೀನಿ” ಎನ್ನದೆ ಎದ್ದುಬಂದೆ. ಬಾಗಿಲವರೆಗೆ ಬಂದ ಆಂಟಿ, “ದಿನಾ ಹೋಗುವಾಗ ‘ಬರ್ತೀನಿ’ ಅಂತಿದ್ದೆ. ಇನ್ನು ನೀನೂ ಬರಲ್ವಾ?” ಎಂದರು.

ಬಸ್ ಸ್ಟಾಪಿನಲ್ಲಿ ಬರೆಯುತ್ತಿದ್ದೇನೆ, ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳಿ. ಬಸ್ಸು ಬಂತು, ಬಿಟ್ಟೆ. ಅವರ ಮನೆಗೇ ವಾಪಸು ಹೊರಟೆ.

ಚಂಪಾ