ಬೀಸದ ಗಿರಣಿಯ ದಂಡ

ಅಂಬೇವಾಡಿ, ದಾಂಡೇಲಿ
ತಾ. 24 ನವೆಂಬರ್ 2024, ರವಿವಾರ

ಸಹನಾಳ ಅಪ್ಪನವರಿಗೆ ಸುನಂದಾ ಮಾಡುವ ಶರಣು.

ನಿಮ್ಮ ಮೊಣಕಾಲು ಈಗ ಹೇಗಿದೆ? ಪೇಪರ್ ಮಷೀನಿನ ಮುಂದೆ ಎಂಟು ತಾಸು ನಿಲ್ಲುವವರು ಮನೆಗೆ ಬಂದ ಮೇಲಾದರೂ ಕಾಲು ಚಾಚಿ ಕುಳಿತುಕೊಳ್ಳಬೇಕು. ಗುಜರಾತಿನ ಆ ವಾಪಿಯ ಕೋಣೆಯಲ್ಲಿ ಅದಕ್ಕೂ ಜಾಗ ಇಲ್ಲ ಎಂದು ನಿಮ್ಮ ಜೊತೆಗಿರುವ ಕಿರಣಕುಮಾರ ಹೇಳಿದ. ಅವನ ಕೈಯಲ್ಲಿ ಎಣ್ಣೆಯ ಬಾಟಲಿ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೊಳ್ಳಿ. ಇಲ್ಲಿ ಅತ್ತೆ ಆರಾಮಾಗಿದ್ದಾರೆ. ಅವರ ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ಸಹನಾ ಏಳನೆಯ ಇಯತ್ತೆಯಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ಫೋನಿನಲ್ಲಿ ನಿಮ್ಮ ಜೊತೆ ಮನೆಗೆ ಬಂದ ಬೀಗರನ್ನು ಮಾತಾಡಿಸಿದ ಹಾಗೆ ಮಾತಾಡುತ್ತಾಳೆ, ನೀವು ಗಮನಿಸಿದಿರೋ ಇಲ್ಲವೋ. ನನ್ನದು ಹೇಳುವಂಥದ್ದೇನಿಲ್ಲ. ಬಲಗೈಯ ಹೆಬ್ಬೆರಳು ಮುಂಜಾನೆ ಮಡಚುವುದಿಲ್ಲ. ರೆಸಾರ್ಟಿನವರಿಗೆ ದಿನಕ್ಕೆ ಇನ್ನೂರು ರೊಟ್ಟಿ ಬಡಿದ ಮೇಲೆ ಅದೂ ಒಂದು ದಿನ ರಜೆ ಕೇಳುತ್ತದೆ.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡಿ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು ಉಳಿದರ್ಧ ಹೇಳಿ ಮುಗಿಸುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ. ಕಿರಣಕುಮಾರ ತಂಗಿಯ ಮದುವೆ ಮುಗಿಸಿ ಇವತ್ತು ಸಂಜೆ ಹೊರಡುತ್ತಾನೆ. ಅಷ್ಟರೊಳಗೆ ಎಲ್ಲ ಬರೆದುಬಿಡುತ್ತೇನೆ.

ದೀಪಾವಳಿಯ ದಿನ ನೀವು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. "ಡಿಸೆಂಬರ್ ಒಂದಕ್ಕ ಮತ್ತ ಮೂರು ವರ್ಷದ ಕರಾರಿಗೆ ಸಹಿ ಹಾಕ್ತೇನಿ ಸುನಂದಾ. ಸಾಲ ಐತಲ್ಲ, ಏನ್ ಮಾಡೂದು." ಇದು ನಾಲ್ಕನೆಯ ಕರಾರು. ಮೊದಲನೆಯದಕ್ಕೆ ಹೋಗುವಾಗ ಸಹನಾ ಮೂರು ವರ್ಷದವಳು. ಅವಳನ್ನು ಎತ್ತಿಕೊಂಡು ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ "ಮನೀ ಸಾಲ ಮುಟ್ಟಿದ ಮರುದಿನಾ ಬಂದಬಿಡ್ತೇನಿ" ಎಂದಿದ್ದಿರಿ. ದೀಪಾವಳಿಯ ದಿನ ನಾನು ಹೂಂ ಎಂದು ಫೋನು ಇಟ್ಟು, ಸಂಘದ ಪಾಸ್‌ಬುಕ್ಕು ತೆಗೆದು ನೋಡಿದೆ. ಆರು ವರ್ಷದ ರೊಟ್ಟಿಯ ದುಡ್ಡು, ಅತ್ತೆಯ ಗೃಹಲಕ್ಷ್ಮಿ ದುಡ್ಡು, ತೇರಗಾಂವದ ತವರಿನಲ್ಲಿ ಅಪ್ಪ ನನ್ನ ಪಾಲಿಗೆಂದು ಕೊಟ್ಟದ್ದು, ಎಲ್ಲ ಸೇರಿ ಮೂರು ಲಕ್ಷ ಅರವತ್ತೆರಡು ಸಾವಿರ ಇತ್ತು. ನಿಮಗೆ ಹೇಳಲಿಲ್ಲ. ಹೋದ ವರ್ಷ ಸಾಲ ಮೊದಲೇ ಮುಟ್ಟಿಸುವ ಮಾತು ಸುಮ್ಮನೆ ತೆಗೆದಾಗ "ದಂಡ ಕಟ್ಟಿ ಯಾರರ ಸಾಲ ಮುಟ್ಟಸ್ತಾರೇನ ಹುಚ್ಚಿ" ಎಂದಿದ್ದಿರಿ. ಎಂಥ ದಂಡ ಎಂದು ನಾನು ಆಗ ಕೇಳಲಿಲ್ಲ.

ಹಳಿಯಾಳದ ಫೈನಾನ್ಸ್ ಆಫೀಸಿಗೆ ಹೋದ ಮೇಲೆ ತಿಳಿಯಿತು. ಮ್ಯಾನೇಜರ್ ಸಂಜೀವಕುಮಾರ ಅಂತ, ಒಳ್ಳೆಯ ಹುಡುಗನೇ. ಕಂಪ್ಯೂಟರ್ ನೋಡಿ, ಇನ್ನೂ ಐದೂವರೆ ವರ್ಷದ ಕಂತು ಇದೆ, ಅಸಲು ಮೂರು ಲಕ್ಷ ಅರವತ್ತು ಸಾವಿರ ಉಳಿದಿದೆ ಎಂದ. ನನ್ನ ಮುಖ ಅರಳಿತು. ಅದರ ಮೇಲೆ ಹದಿನಾರು ಸಾವಿರದ ಒಂಬೈನೂರ ತೊಂಬತ್ತೆರಡು ಎಂದ. "ಬರೇ ಮನೀ ಸಾಲ ಆಗಿದ್ರ ಇದು ಬೀಳ್ತಿರಲಿಲ್ಲಕ್ಕಾ. ನಿಮ್ಮ ಫೈಲಿನಾಗ ಹಿಟ್ಟಿನ ಗಿರಣಿ ಅಂತ ಐತಿ. ಧಂದೆದ ಸಾಲ. ಅವಧಿಗಿಂತ ಮುಂಚೆ ಮುಟ್ಟಿಸಿದ್ರ ನೂರಕ್ಕ ನಾಕು, ಮ್ಯಾಲ ಜಿಎಸ್‌ಟಿ."

ನೆನಪಾಯಿತೇ? ಸಾಲ ಕೊಡಿಸಿದ ಮಹಾಬಳೇಶ್ವರ ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ "ಬರೇ ಮನೀ ಅಂದ್ರ ನಾಕು ಲಕ್ಷ. ಮುಂದ ಏನರ ಧಂದೆ ತೋರಿಸಿದ್ರ ಆರು" ಎಂದಿದ್ದ. ನೀವು ಒಂದು ಗಳಿಗೆಯೂ ಯೋಚಿಸದೆ "ಗಿರಣಿ ಬರಕೋರಿ" ಎಂದಿರಿ. ಮುಂದಿನ ಕೋಣೆಗೆ ಶಟರ್ ಕೂರಿಸಿ, ಬೋರ್ಡು ಬರೆಸಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ನಾನೂ ನಗುತ್ತ ಸಹಿ ಮಾಡಿದವಳೇ, ನಿಮ್ಮೊಬ್ಬರನ್ನೇ ಬಯ್ಯಲಾರೆ. ಗಿರಣಿ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಆ ಕೋಣೆಯೊಳಗೆ ಒಂದು ಹಿಡಿ ಹಿಟ್ಟು ಬೀಸಲಿಲ್ಲ. ನನ್ನ ರೊಟ್ಟಿಯ ಜೋಳವನ್ನೇ ನಾನು ಸೋಮಪ್ಪನ ಗಿರಣಿಗೆ ಹೊತ್ತುಕೊಂಡು ಹೋಗುತ್ತೇನೆ.

ಅತ್ತೆಗೆ ಹೇಳಿದೆ. "ಇಲ್ಲದ ಗಿರಣಿಗೆ ಎಂಥಾ ದಂಡ! ನಡಿ, ನಾನೂ ಬರ್ತೇನಿ. ಬಸ್ಸಿಗೇನ್ ರೊಕ್ಕ ಕೊಡೂದೈತಿ?" ಎಂದು ಇಳಕಲ್ ಸೀರೆ ಉಟ್ಟು ಹೊರಟರು. ಆಫೀಸಿನಲ್ಲಿ ಕುರ್ಚಿ ಎಳೆದುಕೊಂಡು ಮ್ಯಾನೇಜರನ ಎದುರಿಗೇ ಕುಳಿತರು. "ತಮ್ಮಾ, ನಮ್ಮ ಗಿರಣಿ ಎಲ್ಲೈತಿ ನನಗೂ ಒಂದೀಟ ತೋರಸಪಾ, ಎರಡು ಸೇರು ಜೋಳ ಬೀಸ್ಕೊಂಡ ಬರ್ತೇನಿ." ಆತ "ಅಜ್ಜಿ, ಕಾಗದದಾಗ ಐತ್ರಿ" ಎಂದ. "ಹಂಗಾರ ಈ ಕಾಗದದ ಹಿಟ್ಟಿನಾಗ ರೊಟ್ಟಿ ಬಡದ ತಿನ್ನು, ನಮಗ ರೊಕ್ಕಾ ಯಾಕ ಕೇಳ್ತಿ?" ಆಫೀಸೆಲ್ಲ ನಕ್ಕಿತು. ಆತನೂ ನಕ್ಕ, ಚಹಾ ತರಿಸಿದ, ದಂಡ ಮಾತ್ರ ಒಂದು ರೂಪಾಯಿ ಇಳಿಯಲಿಲ್ಲ. ಹೊರಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕುಳಿತು "ಬಿಡವ್ವಾ, ಐದೂವರಿ ವರ್ಷ ಇನ್ನೇನ್ ಹೆಚ್ಚಲ್ಲ, ಕಂತು ಕಟಗೋತ ಹೋಗೂಣು" ಎಂದರು. ಅತ್ತೆಗೆ ಎಪ್ಪತ್ತೆಂಟು ಆಯಿತು. ಐದೂವರೆ ವರ್ಷವನ್ನು ಅವರು ಹೇಗೆ ಎಣಿಸುತ್ತಾರೆಂದು ನನಗೆ ಗೊತ್ತು.

ಕೈಯಲ್ಲಿ ಹದಿನೈದು ಸಾವಿರ ಕಡಿಮೆ ಇತ್ತು. ಶಟರ್ ಮಾರಿದೆ. ಸೋಮಪ್ಪ ಒಂಬತ್ತು ಸಾವಿರ ಕೊಟ್ಟು, ತಾನೇ ಬಿಚ್ಚಿಸಿಕೊಂಡು ಹೋದ. ಉಳಿದದ್ದನ್ನು ರೆಸಾರ್ಟಿನವರ ಕಡೆ ಮುಂಗಡ ತೆಗೆದುಕೊಂಡೆ. ಬರುವ ತಿಂಗಳು ಅವರಿಗೆ ದಿನಕ್ಕೆ ಇನ್ನೂರೈವತ್ತು ರೊಟ್ಟಿ. ಮುಂದಿನ ಕೋಣೆಗೆ ಈಗ ತಗಡು ಕಟ್ಟಿದ್ದೇವೆ, ಗಾಳಿ ಬಂದರೆ ಬಡಬಡ ಎನ್ನುತ್ತದೆ.

ಶುಕ್ರವಾರ ಹೋಗಿ ಎಲ್ಲ ಕಟ್ಟಿದೆ. ಬಾಕಿ ಇಲ್ಲ ಎಂದು ಮುದ್ರೆ ಒತ್ತಿ ಪತ್ರ ಕೊಟ್ಟರು. ಮನೆಯ ಮೂಲ ಕಾಗದಗಳು ಒಂದು ತಿಂಗಳೊಳಗೆ ಬರುತ್ತವಂತೆ. ಕುಣಿಯಬೇಕು ಅನಿಸುತ್ತದೆ ಎಂದುಕೊಂಡಿದ್ದೆ. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತವಳಿಗೆ ಏಳಲು ಆಗಲಿಲ್ಲ. ದಾಂಡೇಲಿಯ ಎರಡು ಬಸ್ಸು ಕಣ್ಣೆದುರೇ ಹೋದವು. ಪಕ್ಕದಲ್ಲಿದ್ದ ಯಾರೋ ಹೆಣ್ಣುಮಗಳು "ಮೈಯಾಗ ಆರಾಮಿಲ್ಲೇನ್ರೀ ಅಕ್ಕಾರ?" ಎಂದು ನೀರು ಕೊಟ್ಟಳು. ಆರಾಮಾಗಿಯೇ ಇದ್ದೆ. ಒಂಬತ್ತು ವರ್ಷದ ದಣಿವೆಲ್ಲ ಒಮ್ಮೆಲೇ ಬಂದು ಪಕ್ಕದಲ್ಲಿ ಕುಳಿತ ಹಾಗಿತ್ತು, ಅದನ್ನು ಬಿಟ್ಟು ಎದ್ದು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಐದನೆಯ ತಾರೀಖಿಗೆ ನಿಮ್ಮ ಖಾತೆಯಿಂದ ಏಳೂವರೆ ಸಾವಿರ ಹೋಗುವುದಿಲ್ಲ, ಗಾಬರಿಯಾಗಬೇಡಿ. ನಿಮ್ಮನ್ನು ಕೇಳದೆ ಮಾಡಿದೆ ಎಂದು ಸಿಟ್ಟು ಬಂದರೆ ಬರಲಿ. ಕಾಗದದ ಮೇಲೆ ನಿಮ್ಮಷ್ಟೇ ಸಾಲ ನನ್ನದೂ ಆಗಿತ್ತು.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಸಹನಾ ನಮಸ್ಕಾರ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಕಾಲಿನ ಕಡೆ ಲಕ್ಷ್ಯ ಇರಲಿ.

ನಿಮ್ಮ
ಸುನಂದಾ

ತಾ.ಕ.: ಕಿರಣಕುಮಾರ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾನೆ, ಗಡಬಡಿಸಿ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಓಣಿಯವರು "ನಿಮ್ಮ ಮನಿಯವರು ಯಾವಾಗ ಬರ್ತಾರ್ರೀ" ಎಂದಾಗಲೆಲ್ಲ "ಸಾಲ ಐತ್ರಿ" ಎಂದು ಒಳಗೆ ಬರುತ್ತಿದ್ದೆ. ನನಗೆ ನಾನು ಹೇಳಿಕೊಂಡದ್ದೂ ಅದನ್ನೇ. ಈಗ ಆ ಉತ್ತರ ನನ್ನ ಹತ್ತಿರ ಇಲ್ಲ. ಒಂದನೆಯ ತಾರೀಖಿಗೆ ಸಹಿ ಮಾಡುವುದೇ ಆದರೆ ಮಾಡಿ, ನಾನು ಅಡ್ಡ ಬರುವುದಿಲ್ಲ. ಆದರೆ ಇನ್ನು ಮುಂದೆ ಕೇಳಿದವರಿಗೆ ಏನು ಹೇಳಬೇಕೆಂದು ನೀವೇ ಬರೆದು ಕಳಿಸಿ. ಬರುವುದಾದರೆ ಬರೆಯುವುದು ಬೇಡ.