ನಾನು ಓದಿದ ಹೇಳಿಕೆ

ಅಕ್ಕನಿಗೆ ನಮಸ್ಕಾರ.

ನಿನ್ನೆ ಟಿವಿಯಲ್ಲಿ ನನ್ನನ್ನು ನೋಡಿರುತ್ತೀಯ. ಇಲ್ಲಿನ ಪತ್ರಕರ್ತರ ಮುಂದೆ, "ನಮ್ಮ ದೇಶದಲ್ಲಿ ಒಬ್ಬ ವಿದ್ಯಾರ್ಥಿಯನ್ನೂ ಬಂಧಿಸಿಲ್ಲ" ಎಂದು ಓದಿದೆ. ನಿನ್ನ ಮಗ ಜೈಲು ಸೇರಿ ಒಂಬತ್ತು ದಿನವಾಗಿದೆ ಎಂದು ಗೊತ್ತಿದ್ದೂ ಓದಿದೆ. ರಾಯಭಾರಿಯಾದವನು ಸರ್ಕಾರ ಬರೆದು ಕಳಿಸಿದ್ದನ್ನೇ ಓದಬೇಕು.

ಮೂರು ಚುನಾವಣೆ ಗೆದ್ದವನನ್ನು ದೂರ ತಳ್ಳಲೆಂದೇ ಈ ಹುದ್ದೆ ಕೊಟ್ಟರು. ನಾನು ಬಡ್ತಿ ಎಂದು ಹಿಗ್ಗಿದೆ. ಈಗ ಹಲ್ಲು ಕಿತ್ತ ಹಾವು. ಮಂತ್ರಿಗೆ ಫೋನ್ ಮಾಡಿದರೆ, ಒಂದು ಕಾಲಕ್ಕೆ ನನ್ನ ಚೀಲ ಹೊರುತ್ತಿದ್ದ ಕಾರ್ಯದರ್ಶಿ ಎತ್ತಿಕೊಂಡು, "ಸಾಹೇಬ್ರು ಮೀಟಿಂಗಲ್ಲಿದ್ದಾರೆ ಸಾರ್. ನೀವು ಸುಮ್ನಿದ್ರೇನೇ ಹುಡುಗನಿಗೆ ಒಳ್ಳೇದು" ಅನ್ನುತ್ತಾನೆ.

ಹುಡುಗನ ಉಬ್ಬಸದ ಇನ್ಹೇಲರನ್ನು ಜೈಲಿನ ಬಾಗಿಲಲ್ಲಿ ಕೊಟ್ಟು ರಸೀದಿ ಕೇಳು. ನನ್ನ ಹೆಸರು ಮಾತ್ರ ಹೇಳಬೇಡ. ಮೊದಲ ದಿನವೇ ಅವನು "ರಾಯಭಾರಿ ನಮ್ಮ ಮಾವ" ಅಂದನಂತೆ. ಅದಕ್ಕೇ ಒಬ್ಬಂಟಿ ಕೋಣೆಗೆ ಹಾಕಿದ್ದಾರೆ.

ನಿನ್ನ ತಮ್ಮ